ದೊರೆಯ ಭಾಷಣವನ್ನು ತಿದ್ದಿದ ಸಿಪಾಯಿ

ವಿದ್ಯಾರ್ಥಿದೆಸೆಯಲ್ಲಿ ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ ನನಗೆ ತೀರ ನೀರಸವೆನಿಸಿದ್ದುದು, ಕೊಟ್ಟ ವಾಕ್ಯಗಳ ತಪ್ಪನ್ನು ಹುಡುಕಿ ತಿದ್ದಬೇಕಾದ ಭಾಗ. ಈ ವಿದ್ಯೆಗಾಗಿ ಒಬ್ಬ ಮನುಷ್ಯ ಹಸಿದಿದ್ದನೆಂಬುದೂ, ಇದನ್ನೇ ಆಯುಧವಾಗಿ ಹಿಡಿದು ಮಂತ್ರಿಗಳ ಮೇಲೆ ಹೋದನೆಂಬುದೂ ವಿಲಿಯಂ ಕಾಬೆಟ್ಟನ ಜೀವನವನ್ನು ಓದಿದ ಮೇಲೆಯೇ ನನಗೆ ತಿಳಿದದ್ದು.

ಕಾಬೆಟ್ ಹುಟ್ಟಿದ್ದು 1763ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತದ ಫಾರ್ನಂ ಎಂಬ ಊರಿನಲ್ಲಿ. ಅವನ ಬಾಲ್ಯವೆಲ್ಲ ಹೊಲದಿಂದ ಹಕ್ಕಿಗಳನ್ನಟ್ಟುವುದರಲ್ಲಿ, ನೇಗಿಲ ಹಿಂದೆ ನಡೆಯುವುದರಲ್ಲಿ ಕಳೆಯಿತು; ಶಾಲೆಯ ವಿದ್ಯೆ ಇಲ್ಲವೆಂದೇ ಹೇಳಬೇಕು. 1784ರಲ್ಲಿ ಸೈನ್ಯಕ್ಕೆ ಸೇರಿದ. ಚ್ಯಾಥಂ ಪಾಳೆಯದಲ್ಲಿ ದಳಪತಿಯ ಕಾಗದಗಳನ್ನು ನಕಲು ಮಾಡುವ ಕೆಲಸ ಅವನ ಪಾಲಿಗೆ ಬಂತು. ವ್ಯಾಕರಣ ಕಲಿತುಕೋ ಎಂದು ದಳಪತಿ ಬುದ್ಧಿ ಹೇಳಿದ. ಹುಡುಗ ಬಿಷಪ್ ಲೌತನ ವ್ಯಾಕರಣವನ್ನು ಸಂಪಾದಿಸಿ, ಮತ್ತೆ ಮತ್ತೆ ಪ್ರತಿ ಮಾಡಿ, ಕಂಠಪಾಠ ಮಾಡಿ, ಪಹರೆ ನಿಂತಾಗಲೆಲ್ಲ ಆದ್ಯಂತವಾಗಿ ಒಪ್ಪಿಸಿಕೊಳ್ಳುತ್ತಿದ್ದ. ಓದಲು ಮಂಚದ ಅಂಚಿನ ಹೊರತು ಜಾಗವಿಲ್ಲ. ಸುತ್ತಲೂ ಸಿಪಾಯಿಗಳ ನಗೆ, ಹಾಡು, ಜಗಳ. ದಿನಕ್ಕೆ ಆರು ಪೆನ್ನಿಯ ಸಂಬಳದಲ್ಲಿ ಲೇಖನಿ ಕಾಗದಗಳಿಗೆ ಹಣ ಹೊಂದಿಸಬೇಕಾದರೆ ಊಟವನ್ನೇ ಕಡಮೆ ಮಾಡಬೇಕು. ಒಂದು ಸಲ ಮರುದಿನ ಒಣಮೀನು ಕೊಳ್ಳಲೆಂದು ಅರ್ಧ ಪೆನ್ನಿಯನ್ನು ಉಳಿಸಿಟ್ಟಿದ್ದ. ರಾತ್ರಿ ನೋಡಿದರೆ ಅದೂ ಇಲ್ಲ. ಕಂಬಳಿ ಮುಸುಕೆಳೆದು ಮಗುವಿನಂತೆ ಅತ್ತನಂತೆ. ಹಲವು ವರ್ಷಗಳ ಮೇಲೆ ತಾನೇ ಇದನ್ನು ಬರೆದಿದ್ದಾನೆ. ಅವನ ಬರಹದಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ ಪ್ರಸಂಗ ಇದೇ.

ಮುಂದಿನ ಮೂವತ್ತು ವರ್ಷಗಳನ್ನು ಬೇಗ ದಾಟೋಣ. ಸಾರ್ಜೆಂಟ್ ಮೇಜರ್ ಆದ. ಸೈನ್ಯ ಬಿಟ್ಟು ಫಿಲಡೆಲ್ಫಿಯದಲ್ಲಿ ಫ್ರೆಂಚರಿಗೆ ಇಂಗ್ಲಿಷ್ ಕಲಿಸಿದ. 1802ರಲ್ಲಿ ಲಂಡನ್ನಿನಲ್ಲಿ ‘ಪೊಲಿಟಿಕಲ್ ರಿಜಿಸ್ಟರ್’ ಪತ್ರಿಕೆಯನ್ನು ಆರಂಭಿಸಿದ. ಈಲಿ ಎಂಬಲ್ಲಿ ನಾಡಪಡೆಯ ಸಿಪಾಯಿಗಳನ್ನು ಚಾವಟಿಯಿಂದ ಹೊಡೆಸಿದ್ದನ್ನು ಖಂಡಿಸಿ ಬರೆದದ್ದಕ್ಕೆ 1810ರಲ್ಲಿ ಎರಡು ವರ್ಷ ಸೆರೆ, ಸಾವಿರ ಪೌಂಡ್ ದಂಡ. 1817ರಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರ ಸರ್ಕಾರಕ್ಕೆ ದೊರೆತಾಗ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದ.

ಅಲ್ಲಿ, ಲಾಂಗ್ ಐಲೆಂಡಿನ ಹೊಲಮನೆಯಲ್ಲಿ, ಮಗ ಜೇಮ್ಸನಿಗೆ ಬರೆದ ಪತ್ರಗಳ ರೂಪದಲ್ಲಿ ಅವನ ಇಂಗ್ಲಿಷ್ ವ್ಯಾಕರಣ ಸಿದ್ಧವಾಯಿತು. 1818ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಸಿಪಾಯಿಗಳು, ನಾವಿಕರು, ಉಳುವ ಹುಡುಗರು ಓದಲೆಂದೇ ಬರೆದ ಗ್ರಂಥ ಅದು. ಲ್ಯಾಟಿನ್ ಗ್ರೀಕ್ ಬಲ್ಲವರಿಗೆ ಮಾತ್ರ ಶುದ್ಧ ಇಂಗ್ಲಿಷ್ ಬರುವುದೆಂದು ದೊಡ್ಡವರು ನಂಬಿದ್ದ ಕಾಲ. ಬಡವನ ಮನವಿಯನ್ನು ತಳ್ಳಿಹಾಕಲು ಅವನ ಭಾಷೆಯ ತಪ್ಪೇ ನೆಪವಾಗಬಹುದಿತ್ತು. ಕಾಬೆಟ್ ಈ ಲೆಕ್ಕವನ್ನು ತಿರುಗಿಸಿದ. ಡಾಕ್ಟರ್ ಜಾನ್‌ಸನ್ನನ ಪ್ರಬಂಧಗಳಲ್ಲಿ ತಪ್ಪು ಹೆಕ್ಕಿದ. 1823ರ ಆವೃತ್ತಿಗೆ ಆರು ಪಾಠಗಳನ್ನು ಸೇರಿಸಿ, ದೊರೆಯ ಭಾಷಣವನ್ನೂ ಕ್ಯಾಸಲ್ರೇ, ವೆಲಿಂಗ್ಟನ್ನರ ಪತ್ರಗಳನ್ನೂ ಶಾಲಾಬಾಲಕರ ಪ್ರಬಂಧಗಳಂತೆ ತಿದ್ದಿದ. ‘ಇಟ್’ ಎಂಬ ಪುಟ್ಟ ಸರ್ವನಾಮದ ಮೇಲೆ ಅವನಿಗೆ ಸದಾ ಸಂಶಯ: ಅದು ಯಾವ ನಾಮಪದವನ್ನು ಸೂಚಿಸುತ್ತದೆಂದು ಬರೆದವನೇ ತೋರಿಸಲಾರದಿದ್ದರೆ ಅಲ್ಲಿ ವಿಚಾರವೂ ಮಸುಕಾಗಿದೆಯೆಂದೇ ಅವನ ತೀರ್ಮಾನ. ಸಮೂಹವಾಚಕಗಳ ಉದಾಹರಣೆಗಳಲ್ಲಿ ಹೌಸ್ ಆಫ್ ಕಾಮನ್ಸನ್ನೂ ಕಳ್ಳರ ಗುಹೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ತುಂಟತನವೂ ಉಂಟು.

ಅವನ ತಿದ್ದುಪಡಿಗಳೆಲ್ಲ ನ್ಯಾಯವಾದುವೆಂದು ನಾನು ಹೇಳಲಾರೆ. ಕೆಲವು ಬರಿಯ ಹಗೆಯಿಂದ ಹುಟ್ಟಿದುವು. ಯಹೂದ್ಯರನ್ನೂ ಕರಿಯರನ್ನೂ ಕುರಿತು ಅವನು ಬರೆದ ದ್ವೇಷದ ಮಾತುಗಳು ಓದುವವನನ್ನು ನಾಚಿಸುತ್ತವೆ.

1832ರಲ್ಲಿ ಓಲ್ಡಂ ಊರಿನವರು ಅವನನ್ನು ಅದೇ ಹೌಸ್ ಆಫ್ ಕಾಮನ್ಸಿಗೆ ಆರಿಸಿ ಕಳುಹಿಸಿದರು. ಆರೋಗ್ಯ ಕೆಟ್ಟಿದ್ದರೂ ಸಭೆಗೆ ಹೋಗುತ್ತಿದ್ದ. 1835ರ ಜೂನ್ 18ರಂದು ತೀರಿಕೊಂಡ. ಫಾರ್ನಂ ಚರ್ಚಿನ ಅಂಗಳದಲ್ಲಿಯೇ ಅವನನ್ನು ಹೂಳಿದರು.