ಸರ್ ಕೆ. ಶೇಷಾದ್ರಿ ಅಯ್ಯರ್ : ಜಲದಿಂದ ಜ್ಯೋತಿ

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಫಾಲ್ಗುಣ ಕಳೆದು ಬಿಸಿಲೇರುವ ಹೊತ್ತಿಗೆ ಅಡಿಕೆಯ ತೋಟಗಳಿಗೆ ನೀರೇ ಪ್ರಾಣ. ಕುಮಾರಧಾರೆಯ ದಡದಲ್ಲಾಗಲಿ, ಗುಡ್ಡದ ತಪ್ಪಲಿನ ಕೆರೆಯ ಬದಿಯಲ್ಲಾಗಲಿ, ಒಂದು ಗುಂಡಿಯನ್ನೊತ್ತಿದೊಡನೆ ಪಂಪು ಮೊರೆಯುತ್ತದೆ, ತಗ್ಗಿನ ನೀರು ಏರನ್ನು ಹತ್ತುತ್ತದೆ. ಆ ಪಂಪಿನ ಒಡಲೊಳಗೆ ಇರುವುದಾದರೂ ಏನು? ತಾಮ್ರದ ತಂತಿಯ ಸುರುಳಿ, ಕಬ್ಬಿಣದ ತಿರುಳು, ಅಷ್ಟೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಕಾಂತಶಕ್ತಿ ಮೈದೋರುತ್ತದೆ; ಆ ಕಾಂತಶಕ್ತಿಯ ಸೆಳೆತದಿಂದ ಅಚ್ಚು ತಿರುಗುತ್ತದೆ. ಎಲ್ಲಿಯೋ ದೂರದ ಜಲಪಾತವೊಂದರ ಬುಡದಲ್ಲಿ ಇದೇ ಕಾರ್ಯವು ಹಿಂದುಮುಂದಾಗಿ ನಡೆಯುತ್ತಿರುತ್ತದೆ. ಅಲ್ಲಿ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರದೊಡನೆ ಕಾಂತವು ತಿರುಗುತ್ತದೆ, ಸುರುಳಿಯಲ್ಲಿ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಈ ಅನ್ಯೋನ್ಯ ಸಂಬಂಧವನ್ನು ಕನ್ನಡ ನಾಡಿನಲ್ಲಿ ಮೊತ್ತಮೊದಲು ಬೃಹತ್ಪ್ರಮಾಣದಲ್ಲಿ ಲೋಕೋಪಯೋಗಕ್ಕೆ ತಂದ ಕೀರ್ತಿ ಶಿವನಸಮುದ್ರದ ವಿದ್ಯುದಾಗಾರಕ್ಕೆ ಸಲ್ಲುತ್ತದೆ. ಅದರ ಹಿಂದೆ ನಿಂತವರು ವಿಜ್ಞಾನಿಯಲ್ಲ, ಯಂತ್ರಶಿಲ್ಪಿಯೂ ಅಲ್ಲ. ನ್ಯಾಯಶಾಸ್ತ್ರವನ್ನು ಓದಿದ ಒಬ್ಬ ಆಡಳಿತಗಾರರು. ಅವರೇ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು ೧೮೪೫ನೆಯ ಇಸವಿಯ ಜೂನ್ ಒಂದರಂದು, ಪಾಲಕ್ಕಾಡಿನ ಸಮೀಪದಲ್ಲಿ. ಆಗ ಮಲಬಾರು ಸೀಮೆಯೂ ಪುತ್ತೂರನ್ನೊಳಗೊಂಡ ಕನ್ನಡ ಜಿಲ್ಲೆಯೂ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ವಿದ್ಯೆಯೊಂದೇ ಆಸರೆಯಾಯಿತು. ಕಲ್ಲಿಕೋಟೆಯಲ್ಲಿ ಓದಿ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೮೬೮ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಕೆಲಕಾಲ ಕಲ್ಲಿಕೋಟೆಯ ಕಲೆಕ್ಟರರ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದರು. ಈ ತರುಣನ ಪ್ರತಿಭೆಯನ್ನು ಗುರುತಿಸಿ ಮೈಸೂರಿಗೆ ಕರೆತಂದವರು ಸಿ. ರಂಗಾಚಾರ್ಲು ಅವರು. ನ್ಯಾಯಾಂಗದ ಕೆಲಸದಿಂದ ಮೊದಲುಗೊಂಡು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ, ನಡುವೆ ಬಿ. ಎಲ್. ಪದವಿಯನ್ನೂ ಗಳಿಸಿ, ಅವರು ಸಂಸ್ಥಾನದ ಆಡಳಿತದ ಒಳಹೊರಗುಗಳನ್ನೆಲ್ಲ ಅರಿತರು.

ಆ ಕಾಲದ ಮೈಸೂರು ಸುಖದ ನಾಡಾಗಿರಲಿಲ್ಲ. ೧೮೭೬ರಿಂದ ೧೮೭೮ರ ವರೆಗೆ ಕಾಡಿದ ಘೋರ ಕ್ಷಾಮವು ಲಕ್ಷಾಂತರ ಜನರನ್ನು ನುಂಗಿತ್ತು. ೧೮೮೧ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಬೊಕ್ಕಸದೊಂದಿಗೆ ಸಾಲದ ಹೊರೆಯೂ ಬಂದಿತು. ಮೊದಲ ದಿವಾನರಾದ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿ ೧೮೮೩ರ ಜನವರಿಯಲ್ಲಿ ಕಾಲವಶರಾದರು. ಆ ಸ್ಥಾನಕ್ಕೆ ಬಂದಾಗ ಶೇಷಾದ್ರಿ ಅಯ್ಯರ್ ಅವರಿಗೆ ಇನ್ನೂ ಮೂವತ್ತೆಂಟು ತುಂಬಿರಲಿಲ್ಲ. ಮುಂದಿನ ಸುಮಾರು ಹದಿನೆಂಟು ವರ್ಷ ಸಂಸ್ಥಾನದ ಚುಕ್ಕಾಣಿ ಅವರ ಕೈಯಲ್ಲಿತ್ತು. ರೈಲುಮಾರ್ಗಗಳು ಬೆಳೆದವು, ಕೋಲಾರದ ಚಿನ್ನದ ಗಣಿಗಳ ರಾಜಧನದಿಂದ ಬೊಕ್ಕಸ ತುಂಬಿತು, ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ಬಂದಿತು, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ೧೮೯೪ರ ಕೊನೆಯಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದಾಗ, ಬಾಲಕ ಕೃಷ್ಣರಾಜರ ಪರವಾಗಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರ ವಹಿಸಿಕೊಂಡರು. ದಿವಾನರ ಹೊಣೆ ಇಮ್ಮಡಿಯಾಯಿತು. ೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಜನರಿಗೆ ಗಾಳಿ ಬೆಳಕಿನ ನೆಲೆಯಾಗಲೆಂದು ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದವು.

ಇಂಥ ದಿನಗಳಲ್ಲಿಯೇ ಅವರ ಮುಂದೆ ಒಂದು ಅಪೂರ್ವ ಯೋಜನೆ ಬಂದು ನಿಂತಿತು. ಸಂಸ್ಥಾನದ ಉಪ ಮುಖ್ಯ ಎಂಜಿನಿಯರರಾಗಿದ್ದ, ಕೆನಡಾ ದೇಶದ ಮೂಲದ ಎ. ಜೆ. ಡಿ ಲೊಬಿನಿಯೇರ್ ಎಂಬ ಸೈನ್ಯಾಧಿಕಾರಿಯು ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ರಭಸವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಕೋಲಾರದ ಗಣಿಗಳಿಗೆ ಸಾಗಿಸಬಹುದೆಂದು ಸೂಚಿಸಿದರು. ಜಲಪಾತಕ್ಕೂ ಗಣಿಗೂ ನಡುವಣ ತಂತಿಮಾರ್ಗದ ದೂರ ೯೨ ಮೈಲಿ, ಎಂದರೆ ಸುಮಾರು ೧೪೮ ಕಿಲೋಮೀಟರು. ಅಮೆರಿಕದ ನಯಾಗರ ಜಲಪಾತದಿಂದ ಬಫೆಲೋ ನಗರಕ್ಕೆ ೧೮೯೬ರಲ್ಲಿ ವಿದ್ಯುತ್ತು ಹರಿದಿದ್ದುದು ಇಪ್ಪತ್ತಾರು ಮೈಲಿಯಷ್ಟೆ. ಭಾರತದಲ್ಲಿ ೧೮೯೭ರಲ್ಲಿ ಡಾರ್ಜಿಲಿಂಗಿನ ಬಳಿ ಹುಟ್ಟಿದ್ದ ಜಲವಿದ್ಯುತ್ತು ಒಂದು ಊರಿನ ದೀಪಗಳಿಗೆ ಸಾಕಾಗುವ ಮಟ್ಟಿನದು. ಹೀಗಿರುವಾಗ ಕ್ಷಾಮದಿಂದ ಚೇತರಿಸಿಕೊಂಡ ಒಂದು ದೇಶೀಯ ಸಂಸ್ಥಾನವು ಅಷ್ಟು ದೂರ ತಂತಿಯೆಳೆಯಲು ಹೊರಡುವುದು ಸಾಹಸವೇ ಸರಿ. ಫಲಿಸದೆ ಹೋದರೆ ನಷ್ಟವಾಗುವುದು ಪ್ರಜೆಗಳ ಹಣ. ಅಪಕೀರ್ತಿ ತಟ್ಟುವುದು ದಿವಾನರಿಗೆ.

ಈ ಯೋಜನೆಯ ಸಾಧ್ಯಾಸಾಧ್ಯತೆಗಳೆಲ್ಲ ನಿಂತಿದ್ದುದು ವಿದ್ಯುತ್ತು ಮತ್ತು ಕಾಂತತ್ವಗಳ ಸಂಬಂಧದ ಮೇಲೆ. ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದೂ, ಉಜ್ಜಿದ ರಾಳ ಹುಲ್ಲುಕಡ್ಡಿಯನ್ನು ಸೆಳೆಯುವುದೂ ಪ್ರಾಚೀನರಿಗೆ ಗೊತ್ತಿದ್ದ ಸಂಗತಿಗಳೇ. ಆದರೆ ಇವೆರಡಕ್ಕೂ ನಂಟುಂಟೆಂಬುದು ತಿಳಿದದ್ದು ೧೮೨೦ರಲ್ಲಿ. ಡೆನ್ಮಾರ್ಕಿನ ಪ್ರಾಧ್ಯಾಪಕ ಏರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿಯಿದ್ದ ದಿಕ್ಸೂಚಿಯ ಮುಳ್ಳು ತನ್ನ ನೆಲೆಯಿಂದ ಓರೆಯಾಗುವುದನ್ನು ಕಂಡರು. ಪ್ರವಾಹದಿಂದ ಕಾಂತತ್ವ ಹುಟ್ಟುವುದಾದರೆ ಕಾಂತತ್ವದಿಂದ ಪ್ರವಾಹವೇಕೆ ಹುಟ್ಟಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಉತ್ತರಕ್ಕೆ ಹನ್ನೊಂದು ವರ್ಷ ಬೇಕಾಯಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ಮೇಲೆ ಬಂದ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಅವರು ೧೮೩೧ರಲ್ಲಿ ಆ ಮರ್ಮವನ್ನು ಭೇದಿಸಿದರು. ಸುರುಳಿಯ ಬಳಿ ಅಯಸ್ಕಾಂತವನ್ನು ಸುಮ್ಮನೆ ಇರಿಸಿದರೆ ಏನೂ ಆಗದು. ಅದನ್ನು ಚಲಿಸಿದಾಗ ಮಾತ್ರ, ಅಥವಾ ಕಾಂತದ ಪ್ರಭಾವವು ಹೆಚ್ಚುತ್ತಲೋ ಕುಗ್ಗುತ್ತಲೋ ಇರುವಾಗ ಮಾತ್ರ, ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ. ಬದಲಾವಣೆಯೇ ಇಲ್ಲಿ ಜೀವಾಳ. ಜಲಪಾತವು ಮಾಡಬೇಕಾದ ಕೆಲಸ ಆ ಬದಲಾವಣೆಯನ್ನು ಎಡೆಬಿಡದೆ ಉಂಟುಮಾಡುವುದು.

ದೂರಕ್ಕೆ ಸಾಗಿಸುವ ಉಪಾಯವೂ ಇದೇ ತತ್ತ್ವದಿಂದ ದೊರೆಯಿತು. ತಂತಿಯಲ್ಲಿ ಹರಿಯುವ ಪ್ರವಾಹವು ತಂತಿಯನ್ನು ಬಿಸಿಮಾಡುವುದರಿಂದ ಶಕ್ತಿಯ ಒಂದು ಪಾಲು ದಾರಿಯಲ್ಲಿಯೇ ವ್ಯಯವಾಗುತ್ತದೆ. ಒತ್ತಡವನ್ನು ಹತ್ತುಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಒಯ್ಯಲು ಹತ್ತರಲ್ಲೊಂದು ಪಾಲು ಪ್ರವಾಹ ಸಾಕು. ಆಗ ದಾರಿಯ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಈ ಒತ್ತಡವನ್ನು ಏರಿಸಿ ಇಳಿಸುವುದು ಟ್ರಾನ್ಸ್‌ಫಾರ್ಮರು. ಅದರಲ್ಲಿ ಒಂದೇ ಕಬ್ಬಿಣದ ತಿರುಳಿಗೆ ಎರಡು ಸುರುಳಿಗಳನ್ನು ಸುತ್ತಿರುತ್ತಾರೆ. ದಿಕ್ಕು ಬದಲಿಸುತ್ತಲೇ ಇರುವ ಪ್ರವಾಹವು ಒಂದರಲ್ಲಿ ಹರಿದರೆ ತಿರುಳಿನ ಕಾಂತತ್ವವೂ ಬದಲಾಗುತ್ತದೆ, ಅದರಿಂದ ಇನ್ನೊಂದರಲ್ಲಿ ಪ್ರವಾಹ ಮೂಡುತ್ತದೆ. ಎರಡರ ಸುತ್ತುಗಳ ಸಂಖ್ಯೆಗೆ ತಕ್ಕಂತೆ ಒತ್ತಡ ಏರುತ್ತದೆ ಇಲ್ಲವೆ ಇಳಿಯುತ್ತದೆ. ಮೊದಲ ಸುರುಳಿಗೂ ಎರಡನೆಯದಕ್ಕೂ ತಂತಿಯ ಸಂಪರ್ಕವೇ ಇಲ್ಲ. ನಡುವೆ ಸೇತುವೆಯಾಗಿ ನಿಂತಿರುವುದು ಕಾಂತಶಕ್ತಿ ಮಾತ್ರ.

ಶೇಷಾದ್ರಿ ಅಯ್ಯರ್ ಅವರು ಈ ಶಾಸ್ತ್ರದಲ್ಲಿ ಪಳಗಿದವರಲ್ಲ. ಆದರೆ ತಾವು ಅರಿಯದ ವಿಷಯದಲ್ಲಿ ಅರಿತವರನ್ನು ಗುರುತಿಸಿ ನಂಬುವ ವಿವೇಕ ಅವರಲ್ಲಿತ್ತು. ನಂಬಿದ ಮೇಲೆ ಬೆನ್ನು ಕೊಡದ ಧೈರ್ಯವೂ ಇತ್ತು. ಹಾಗೆಂದು ಕುರುಡು ನಂಬಿಕೆಯಿಂದ ಬೊಕ್ಕಸದ ಬಾಗಿಲನ್ನು ತೆರೆಯಲಿಲ್ಲ. ಲೊಬಿನಿಯೇರ್ ಅವರನ್ನು ಯೂರೋಪು, ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ಅನುಭವವನ್ನು ಪರಿಶೀಲಿಸಿಸಲಾಯಿತು. ವಿದ್ಯುತ್ತನ್ನು ಕೊಳ್ಳಲು ಗಣಿಯ ಕಂಪೆನಿಗಳಿಂದ ಮುಂಗಡವಾಗಿಯೇ ಒಪ್ಪಂದ ಪಡೆಯಲಾಯಿತು. ಹೀಗೆ ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ಹಣ ತೊಡಗಿಸಿದುದರಲ್ಲಿ ಆ ನ್ಯಾಯವಾದಿಯ ಲೆಕ್ಕಾಚಾರ ಕಾಣುತ್ತದೆ. ವಿದ್ಯುದ್ಯಂತ್ರಗಳನ್ನು ಒದಗಿಸುವ ಹೊಣೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯೂ, ಜಲಚಕ್ರಗಳನ್ನು ಒದಗಿಸುವ ಹೊಣೆಯನ್ನು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯೂ ವಹಿಸಿಕೊಂಡವು.

ಹಡಗಿನಲ್ಲಿ ಬಂದ ಭಾರಿ ಯಂತ್ರಭಾಗಗಳು ರೈಲಿನಲ್ಲಿ ಮದ್ದೂರಿನವರೆಗೆ ಸಾಗಿದವು. ಅಲ್ಲಿಂದ ಮುಂದೆ ಆನೆಗಳೂ ಎತ್ತುಗಳೂ ಅವನ್ನು ಎಳೆದುವು. ಲೋಕದ ಅತಿ ನೂತನ ಯಂತ್ರವನ್ನು ಲೋಕದ ಅತಿ ಪುರಾತನ ವಾಹನಗಳು ಹೊತ್ತು ನಡೆದ ಆ ದೃಶ್ಯವನ್ನು ಊಹಿಸಿಕೊಂಡರೆ ಇಂದಿಗೂ ಬೆರಗಾಗುತ್ತದೆ. ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ದಪ್ಪ ಕೊಳವೆಗಳ ಮೂಲಕ ನೂರಾರು ಅಡಿ ಆಳದಲ್ಲಿದ್ದ ವಿದ್ಯುದಾಗಾರಕ್ಕೆ ಇಳಿಸುವ ಏರ್ಪಾಡಾಯಿತು. ಬೆಟ್ಟ, ಬಯಲು, ಹೊಲಗಳನ್ನು ಹಾಯ್ದು ಕಂಬಗಳ ಸಾಲು ಕೋಲಾರದ ಕಡೆಗೆ ಸಾಗಿತು.

ಕೆಲಸ ಮುಂದುವರಿಯುತ್ತಿದ್ದಂತೆ ದಿವಾನರ ಆರೋಗ್ಯ ಕುಸಿಯಿತು. ದೀರ್ಘಕಾಲದ ದುಡಿಮೆ ದೇಹವನ್ನು ಸವೆಸಿತ್ತು. ೧೯೦೧ರ ಮಾರ್ಚಿಯಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ ಹದಿಮೂರರಂದು, ಐವತ್ತಾರನೆಯ ವಯಸ್ಸಿನಲ್ಲಿ, ಇಹಲೋಕವನ್ನು ತ್ಯಜಿಸಿದರು. ೧೯೦೨ರ ಜೂನ್ ಮೂವತ್ತರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು. ಒಂಬತ್ತೂವರೆ ತಿಂಗಳಿನ ಅಂತರದಿಂದ ಆ ಗಳಿಗೆ ಅವರಿಗೆ ತಪ್ಪಿಹೋಯಿತು. ಪ್ರಾರಂಭದಲ್ಲಿ ಸ್ಥಾಪನೆಯಾದ ಆರು ಯಂತ್ರಗಳು, ಒಂದೊಂದೂ ೭೨೦ ಕಿಲೋವಾಟಿನಂತೆ, ಒಟ್ಟು ೪,೩೨೦ ಕಿಲೋವಾಟು ಸಾಮರ್ಥ್ಯದವು. ಇಂದಿನ ದೃಷ್ಟಿಗೆ ಇದು ಅಲ್ಪ. ಆದರೆ ಅಂದು ಅಷ್ಟು ದೂರ ಸಾಗಿದ ವಿದ್ಯುತ್ತು ಲೋಕದ ಗಮನವನ್ನೇ ಸೆಳೆಯಿತು. ೧೯೦೫ರ ಆಗಸ್ಟ್ ಐದರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು; ೧೯೦೮ರಲ್ಲಿ ಮೈಸೂರು ನಗರದ ಸರದಿ ಬಂದಿತು.

ದೊಡ್ಡವರ ಜೀವನವನ್ನು ಹೇಳುವಾಗ ಗುಣವನ್ನಷ್ಟೇ ಹೇಳಿ ಉಳಿದುದನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ಮದರಾಸಿನ ಕಡೆಯವರಿಗೆ ದೊಡ್ಡ ಹುದ್ದೆಗಳನ್ನು ಕೊಟ್ಟು ಮೈಸೂರಿಗರನ್ನು ಕಡೆಗಣಿಸಿದರೆಂಬ ದೂರು ಅವರ ಕಾಲದಲ್ಲಿ ಬಲವಾಗಿತ್ತು. ಆ ನೋವಿನಿಂದ ಹುಟ್ಟಿದ ಪಕ್ಷಭೇದ ಅವರ ತರುವಾಯವೂ ಬಹುಕಾಲ ಉಳಿಯಿತು. ಕಾವೇರಿ ಮೊದಲಾದ ನದಿಗಳ ನೀರಿನ ಬಗೆಗೆ ಮದರಾಸಿನೊಡನೆ ೧೮೯೨ರಲ್ಲಿ ಆದ ಒಡಂಬಡಿಕೆಯೂ ಅವರ ಆಡಳಿತದ ಅವಧಿಯದೇ. ಅದು ಮೈಸೂರಿನ ಕೈಗಳನ್ನು ಕಟ್ಟಿಹಾಕಿತೆಂಬ ಆಕ್ಷೇಪ ಮುಂದೆ ಮತ್ತೆ ಮತ್ತೆ ಕೇಳಿಬಂದಿತು. ಕಾವೇರಿಯ ಶಕ್ತಿ ಮೊದಲು ಹರಿದದ್ದು ರೈತನ ಗುಡಿಸಲಿಗಲ್ಲ, ಪರದೇಶದ ಬಂಡವಾಳದಿಂದ ನಡೆಯುತ್ತಿದ್ದ ಚಿನ್ನದ ಗಣಿಗೆ ಎಂಬುದೂ ನಿಜವೇ. ಕಂಬಗಳ ಸಾಲು ಹಾದುಹೋದ ಹಳ್ಳಿಗಳು ಬಹುಕಾಲ ಎಣ್ಣೆಯ ದೀಪದಲ್ಲಿಯೇ ಉಳಿದುವು. ಆದರೆ ಗಣಿಯು ತೆತ್ತ ಹಣವೇ ಈ ಉದ್ಯಮವನ್ನು ಊರ್ಜಿತಗೊಳಿಸಿತು. ಆ ಅನುಭವದ ಬಲದಿಂದಲೇ ಸಂಸ್ಥಾನವು ಮುಂದಿನ ವಿದ್ಯುತ್ ಯೋಜನೆಗಳಿಗೆ ಕೈಯಿಕ್ಕಿತು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಿದಾಗಲೇ ಅವರಿಗೆ ನ್ಯಾಯ ಸಲ್ಲಿಸಿದಂತಾಗುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆಯೂ, ಅವರ ಸ್ಮಾರಕವಾಗಿ ಕಟ್ಟಿದ ಗ್ರಂಥಾಲಯದ ಭವನವೂ ಇವೆ. ಶೇಷಾದ್ರಿಪುರ ಅವರ ಹೆಸರನ್ನು ಹೊತ್ತಿದೆ. ಶಿವನಸಮುದ್ರದ ವಿದ್ಯುದಾಗಾರಕ್ಕೂ ಅವರ ಹೆಸರನ್ನೇ ಇಡಲಾಗಿದೆ. ೧೯೫೬ರಲ್ಲಿ ಕನ್ನಡನಾಡು ಒಂದಾದಾಗ, ಮದರಾಸಿಗೆ ಸೇರಿದ್ದ ಪುತ್ತೂರಿನ ಸೀಮೆಯೂ ಅವರು ಆಳಿದ ಮೈಸೂರಿನೊಡನೆ ಕೂಡಿಕೊಂಡಿತು. ಇಂದು ಇಲ್ಲಿಯ ತೋಟದಲ್ಲಿ ಮೊರೆಯುವ ಪಂಪಿನೊಳಗೆ ನಡೆಯುವ ವಿದ್ಯುತ್ತು ಕಾಂತಗಳ ಕಾರ್ಯವು, ಅಂದು ಕೋಲಾರದ ಗಣಿಯಲ್ಲಿ ಯಂತ್ರಗಳನ್ನು ತಿರುಗಿಸಿದ ಕಾರ್ಯವೇ ಆಗಿದೆ.

ಕೆರೆಯನ್ನು ಕಟ್ಟಿಸಿದವನು ಅದು ತುಂಬುವುದನ್ನು ಕಾಣದೆ ಹೋಗಬಹುದು. ಸಾಲುಮರವನ್ನು ನೆಟ್ಟವನಿಗೆ ಅದರ ನೆರಳು ದೊರೆಯದಿರಬಹುದು. ಶಾಲೆಗೆ ದಾನವಿತ್ತವರ, ಅಲ್ಲಿ ಪಾಠ ಹೇಳಿದವರ ಪಾಡೂ ಇದೇ. ಮಗುವಿನ ಮನಸ್ಸಿನಲ್ಲಿ ಅವರು ಹಚ್ಚಿದ ದೀಪ ಎಂದು, ಎಲ್ಲಿ, ಯಾರ ಮನೆಯನ್ನು ಬೆಳಗೀತೆಂಬುದನ್ನು ಅವರು ಅರಿಯರು. ಆದರೂ ಕೊಡುವವರು ಕೊಡುತ್ತಾರೆ, ಕಲಿಸುವವರು ಕಲಿಸುತ್ತಾರೆ. ತಾವು ಕಾಣದ ಬೆಳಕಿಗಾಗಿ ದುಡಿದು ಕಣ್ಮುಚ್ಚಿದ ಶೇಷಾದ್ರಿ ಅಯ್ಯರ್ ಅವರು ಅಂಥವರ ಸಾಲಿನಲ್ಲಿ ಸದಾ ಸ್ಮರಣೀಯರಾಗಿದ್ದಾರೆ.