ಪುಸ್ತಕ ಹೊತ್ತ ಮಾಸ್ತರರು

ಗ್ರಂಥಾಲಯ ಅವಧಿಗೆ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಮೊದಲು ಹೇಳುವುದು ಗಳಗನಾಥರ ಬದುಕನ್ನು. ವೆಂಕಟೇಶ ತಿರಕೋ ಕುಲಕರ್ಣಿ ಅವರ ನಿಜ ಹೆಸರು, ಜನನ 1869ರಲ್ಲಿ. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಎಂಬ ಊರಿನ ಹೆಸರೇ ಕಾವ್ಯನಾಮವಾಯಿತು. ವೃತ್ತಿಯಿಂದ ಶಾಲಾ ಮಾಸ್ತರರು, ಅಂದರೆ ನಮ್ಮವರೇ.

ಆಗ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಅಕ್ಷರ ಬಲ್ಲವರಲ್ಲಿ ಬಹಳ ಮಂದಿ ಮರಾಠಿ ಓದುತ್ತಿದ್ದರು. ಗಳಗನಾಥರು ಅವರನ್ನು ದೂರುತ್ತ ಕೂರಲಿಲ್ಲ. ಅವರಿಗೆ ರುಚಿಸಿದ್ದ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನೇ ಕನ್ನಡಕ್ಕೆ ತಂದರು. ವಿಜಯನಗರದ ಹುಟ್ಟಿನ ಸುತ್ತ 'ಮಾಧವ ಕರುಣಾ ವಿಲಾಸ'ವನ್ನು ಸ್ವತಂತ್ರವಾಗಿ ಬರೆದರು. 1907ರಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಶುರುವಾಯಿತು.

ನನಗೆ ಮುಖ್ಯವಾದದ್ದು ಮುಂದಿನದು. ಅಚ್ಚಾದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ಬರಲೆಂದು ಕಾಯಲಿಲ್ಲ. ಕೊಂಡವರಿಗೆ ಪರೀಕ್ಷೆಯನ್ನೂ ಇಡಲಿಲ್ಲ! ನಮ್ಮ ಯೋಜನೆಗಳಲ್ಲಾದರೋ ಕಥೆ ಮುಗಿಯುವ ಮೊದಲೇ ಐದು ಪ್ರಶ್ನೆಗಳು ಸಿದ್ಧವಿರುತ್ತವೆ. ಈ ಸಲ ಆ ಭಾಗವನ್ನು ಹೊಡೆದುಹಾಕಿಸಿ, ಬೀರುವಿನ ಪುಸ್ತಕಗಳನ್ನು ಒಂಬತ್ತನೇ ತರಗತಿಯ ಬೆಂಚುಗಳ ಮೇಲೆ ಹರಡಿಸಿದ್ದೇನೆ.

ಇಷ್ಟೆಲ್ಲ ಮಾರಿದರೂ ಗಳಗನಾಥರಿಗೆ ಬಡತನ ತಪ್ಪಲಿಲ್ಲ. 1942ರಲ್ಲಿ ತೀರಿಕೊಂಡರು.