ಜಿಮಿ ಹೆಂಡ್ರಿಕ್ಸ್: ಮೂರು ಆಲ್ಬಮ್ ಮುಗಿದ ಮೇಲೆ ಮುಂದೇನು?

ಹೆಂಡ್ರಿಕ್ಸ್ ಹುಚ್ಚು ಹತ್ತಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ. ಮೂರು ಸ್ಟುಡಿಯೋ ಆಲ್ಬಮ್ ಕೇಳಿ ಮುಗಿಸಿದ್ದಾಯ್ತು, ಮುಂದೆ ಯಾವುದು? ಆ್ಯಪ್‌ನಲ್ಲಿ ಹೆಸರು ಹಾಕಿದ್ರೆ ಹತ್ತಾರು ಆಲ್ಬಮ್ ಸಾಲಾಗಿ ಬಂದು ನಿಲ್ಲುತ್ತವೆ. ಆದರೆ ಜಿಮಿ ಬದುಕಿದ್ದಾಗ ಮುಗಿಸಿಕೊಟ್ಟ ಸ್ಟುಡಿಯೋ ಆಲ್ಬಮ್‌ಗಳು ಮೂರೇ ಮೂರು. ಉಳಿದವುಗಳಲ್ಲಿ ಬಹುಪಾಲು ಅವನು ಸತ್ತ ಮೇಲೆ ಬೇರೆಯವರು ಜೋಡಿಸಿ ಬಿಟ್ಟದ್ದು. ಹಾಗಾಗಿ ಯಾವುದನ್ನ ಕೇಳಬೇಕು ಅಂತ ತೀರ್ಮಾನಿಸೋಕೆ ಮೊದಲು ಅವನ ಬದುಕಿನ ಕಥೆ ಗೊತ್ತಿರಬೇಕು.

ಜಿಮಿ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆಯಲ್ಲಿ ಕಡು ಬಡತನ, ಅಪ್ಪ ಅಮ್ಮ ಬೇರೆ ಬೇರೆ. 1958ರಲ್ಲಿ ಅಮ್ಮ ತೀರಿಕೊಂಡರು. ಯಾರದೋ ಮನೆಯ ಗುಜರಿ ಸಾಮಾನಿನಲ್ಲಿ ಸಿಕ್ಕ ಒಂದೇ ತಂತಿಯ ಯುಕುಲೇಲಿಯಲ್ಲಿ ಅವನ ಸಂಗೀತ ಶುರುವಾಯ್ತು. ಆಮೇಲೆ ಸಿಕ್ಕಿದ್ದು 5 ಡಾಲರಿನ ಹಳೇ ಗಿಟಾರ್. ಹುಡುಗ ಎಡಚ, ಗಿಟಾರ್ ಬಲಗೈಯವರದ್ದು. ಅದನ್ನೇ ತಿರುಗಿಸಿ ಹಿಡಿದು, ತಂತಿಗಳನ್ನ ಅದಲುಬದಲು ಮಾಡಿ ಕಲಿತ.

ಕದ್ದ ಕಾರಿನಲ್ಲಿ ಓಡಾಡಿ ಎರಡು ಸಲ ಸಿಕ್ಕಿಬಿದ್ದಾಗ ಜೈಲೋ ಸೈನ್ಯವೋ ಅನ್ನೋ ಪರಿಸ್ಥಿತಿ ಬಂತು. 1961ರಲ್ಲಿ ಸೈನ್ಯ ಸೇರಿದ. ಪ್ಯಾರಾಚೂಟ್ ಹಾರಾಟಕ್ಕಿಂತ ಗಿಟಾರ್ ಮೇಲೇ ಗಮನ ಜಾಸ್ತಿ. ಅಲ್ಲಿ ಸಿಕ್ಕ ಬೇಸ್ ವಾದಕ ಬಿಲ್ಲಿ ಕಾಕ್ಸ್ ಕೊನೆವರೆಗೂ ಗೆಳೆಯನಾಗಿ ಉಳಿದ. ಮರುವರ್ಷ ಹೊರಬಂದ ಜಿಮಿ ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್‌ರಂಥವರ ಹಿಂದೆ ನಿಂತು ಗಿಟಾರ್ ನುಡಿಸಿದ. 1965ರಲ್ಲಿ 1 ಡಾಲರ್ ಮುಂಗಡ, 1 ಪರ್ಸೆಂಟ್ ರಾಯಲ್ಟಿಗೆ ಒಂದು ಕರಾರಿಗೆ ಸಹಿ ಹಾಕಿಬಿಟ್ಟ. ಈ ಸಹಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1966ರಲ್ಲಿ ನ್ಯೂಯಾರ್ಕಿನ ಕೆಫೆಯೊಂದರಲ್ಲಿ ಅವನನ್ನ ಕೇಳಿದ ಚಾಸ್ ಚ್ಯಾಂಡ್ಲರ್ ಸೀದಾ ಲಂಡನ್ನಿಗೆ ಕರ್ಕೊಂಡು ಹೋದ. ಡ್ರಮ್ಸ್‌ಗೆ ಮಿಚ್ ಮಿಚೆಲ್, ಬೇಸ್‌ಗೆ ನೋಯೆಲ್ ರೆಡಿಂಗ್. 1967ರ ಮೇ ತಿಂಗಳಲ್ಲಿ 'ಆರ್ ಯೂ ಎಕ್ಸ್‌ಪೀರಿಯನ್ಸ್ಡ್' ಬಂತು.

ಇಸಿ, ಇಇ ಬ್ರ್ಯಾಂಚಿನವರು ಇಲ್ಲಿ ಸ್ವಲ್ಪ ಕಿವಿಗೊಡಿ. ಬ್ರಿಟಿಷ್ ನೌಕಾಪಡೆಗಾಗಿ ಶಬ್ದ, ಕಂಪನಗಳ ಸಂಶೋಧನೆ ಮಾಡಿದ್ದ ರೋಜರ್ ಮೇಯರ್ ಅನ್ನೋ ಎಂಜಿನಿಯರ್ ಜಿಮಿಗೆ 'ಆಕ್ಟೇವಿಯಾ' ಅನ್ನೋ ಪೆಡಲ್ ಮಾಡಿಕೊಟ್ಟ. ಫುಲ್ ವೇವ್ ರೆಕ್ಟಿಫೈಯರ್ ಲ್ಯಾಬ್‌ನಲ್ಲಿ 50 ಹರ್ಟ್ಸ್ ಕೊಟ್ಟರೆ 100 ಹರ್ಟ್ಸ್ ರಿಪಲ್ ಬರುತ್ತಲ್ಲ, ಅದೇ ತತ್ವ. ಫ್ರೀಕ್ವೆನ್ಸಿ ಎರಡು ಪಟ್ಟಾದ್ರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತೆ. 'ಪರ್ಪಲ್ ಹೇಜ್' ಹಾಡಿನ ಸೋಲೋದಲ್ಲಿ ಕಿರುಚೋದು ಅದೇ.

ಅದೇ ವರ್ಷ ಡಿಸೆಂಬರಿನಲ್ಲಿ 'ಆಕ್ಸಿಸ್: ಬೋಲ್ಡ್ ಆ್ಯಸ್ ಲವ್'. ಮೊದಲ ಬದಿಯ ಮಾಸ್ಟರ್ ಟೇಪನ್ನ ಜಿಮಿ ಟ್ಯಾಕ್ಸಿಯಲ್ಲಿ ಬಿಟ್ಟು ಬಂದ. ಎಂಜಿನಿಯರ್ ಎಡ್ಡಿ ಕ್ರೇಮರ್, ಚ್ಯಾಂಡ್ಲರ್ ಜೊತೆ ಕೂತು ರಾತ್ರೋರಾತ್ರಿ ಮತ್ತೆ ಮಿಕ್ಸ್ ಮಾಡಬೇಕಾಯ್ತು. ಇದರ ಮುಖಪುಟ ನೋಡಿದ್ರೆ ನಮಗೆ ಎಲ್ಲೋ ನೋಡಿದ ಹಾಗನ್ಸುತ್ತೆ. ನಮ್ಮ ಕ್ಯಾಲೆಂಡರ್‌ಗಳಲ್ಲಿ ಬರೋ ವಿಶ್ವರೂಪದ ಚಿತ್ರಕ್ಕೆ ಮೂವರ ಮುಖ ಸೇರಿಸಿಬಿಟ್ಟಿದ್ದಾರೆ. ಅದು ಜಿಮಿ ಆರಿಸಿದ್ದಲ್ಲ, ಅವನಿಗೆ ಹಿಡಿಸಲೂ ಇಲ್ಲ.

1968ರ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಹೊತ್ತಿಗೆ ಅವನು ಬದಲಾಗಿದ್ದ. ಒಂದೇ ಹಾಡನ್ನ ಹತ್ತು ಸಲ, ಇಪ್ಪತ್ತು ಸಲ ನುಡಿಸಿದರೂ ಸಮಾಧಾನ ಇಲ್ಲ. ಚ್ಯಾಂಡ್ಲರ್‌ಗೆ ಸಾಕಾಗಿ ಅರ್ಧಕ್ಕೇ ಬಿಟ್ಟು ಹೋದ. ಜಿಮಿ ತಾನೇ ಪ್ರೊಡ್ಯೂಸರ್ ಆದ. ಆ ಡಬಲ್ ಆಲ್ಬಮ್ ಅಮೆರಿಕದಲ್ಲಿ ನಂಬರ್ 1 ಆಯ್ತು.

ಆಮೇಲೆ ಹಳೇ ಸಹಿ ಕಾಡೋಕೆ ಶುರುವಾಯ್ತು. ಕರಾರಿನ ಜಗಳ ತೀರಿಸೋಕೆ ಒಂದು ಆಲ್ಬಮ್ ಕೊಡಲೇಬೇಕಾಗಿ ಬಂತು. 1970ರ ಹೊಸ ವರ್ಷದ ದಿನ ಬಿಲ್ಲಿ ಕಾಕ್ಸ್, ಬಡ್ಡಿ ಮೈಲ್ಸ್ ಜೊತೆ ನ್ಯೂಯಾರ್ಕಿನಲ್ಲಿ ನುಡಿಸಿದ ಕಛೇರಿಯೇ 'ಬ್ಯಾಂಡ್ ಆಫ್ ಜಿಪ್ಸೀಸ್' ಆಲ್ಬಮ್ ಆಯ್ತು. ಸಾಲ ತೀರಿಸೋಕೆ ಬಂದ ಆಲ್ಬಮ್ ನಿಜ. ಆದರೂ ಅದರಲ್ಲಿರೋ 'ಮಷೀನ್ ಗನ್' ಕೇಳಿ ನೋಡಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಒಬ್ಬ ಮಾಜಿ ಸೈನಿಕ ಹನ್ನೆರಡು ನಿಮಿಷ ಗಿಟಾರಿನಲ್ಲೇ ಗುಂಡಿನ ಸದ್ದು ಎಬ್ಬಿಸ್ತಾನೆ.

ಜಿಮಿಗೆ ಬೇಕಾಗಿದ್ದು ಗಡಿಯಾರ ನೋಡದೆ ಕೆಲಸ ಮಾಡೋ ಜಾಗ. ಅದಕ್ಕೇ ನ್ಯೂಯಾರ್ಕಿನಲ್ಲಿ 'ಎಲೆಕ್ಟ್ರಿಕ್ ಲೇಡಿ' ಸ್ಟುಡಿಯೋ ಕಟ್ಟಿಸಿದ. ವಿನ್ಯಾಸ ಮಾಡಿದ ಜಾನ್ ಸ್ಟೋರಿಕ್ ಆಗಷ್ಟೇ ಕಾಲೇಜು ಮುಗಿಸಿದ ಆರ್ಕಿಟೆಕ್ಟ್. ನೆಲದಡಿ ಹರಿಯೋ ನೀರು ನುಗ್ಗಿ ಕೆಲಸ ತಡವಾಯ್ತು, ಖರ್ಚು ಏರ್ತಾ ಹೋಯ್ತು. 1970ರ ಆಗಸ್ಟ್ 26ಕ್ಕೆ ಕೊನೆಗೂ ಉದ್ಘಾಟನೆ. ನಾಲ್ಕನೇ ಸ್ಟುಡಿಯೋ ಆಲ್ಬಮ್‌ಗಾಗಿ ಹಾಡುಗಳ ಪಟ್ಟಿಯನ್ನ ಜಿಮಿ ಕೈಯಾರೆ ಬರೆದು ಇಟ್ಟಿದ್ದ. ಯುರೋಪ್ ಪ್ರವಾಸಕ್ಕೆ ಹೋದವನು ಸ್ಟುಡಿಯೋಗೆ ವಾಪಸ್ ಬರಲೇ ಇಲ್ಲ. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ನಿದ್ದೆ ಮಾತ್ರೆ ಅತಿಯಾಗಿ, ವಾಂತಿಯಿಂದ ಉಸಿರುಗಟ್ಟಿ ತೀರಿಕೊಂಡ. ವಯಸ್ಸು 27. ನಮ್ಮ ಸೀನಿಯರ್ಸ್ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿರೋ ವಯಸ್ಸು, ಅಷ್ಟೇ.

ಉಳಿದಿದ್ದು ರಾಶಿ ಟೇಪುಗಳು. 1971ರಲ್ಲಿ ಕ್ರೇಮರ್ ಮತ್ತು ಮಿಚೆಲ್ 'ದಿ ಕ್ರೈ ಆಫ್ ಲವ್' ಜೋಡಿಸಿದರು. ಇಬ್ಬರೂ ಜಿಮಿ ಪಕ್ಕದಲ್ಲೇ ಕೆಲಸ ಮಾಡಿದವರು. 1975ರ 'ಕ್ರ್ಯಾಶ್ ಲ್ಯಾಂಡಿಂಗ್' ಕಥೆ ಬೇರೆ. ನಿರ್ಮಾಪಕ ಆ್ಯಲನ್ ಡಗ್ಲಸ್ ಮೂಲ ವಾದಕರನ್ನ ಅಳಿಸಿ, ಜಿಮಿಯನ್ನ ಕಂಡೇ ಇರದವರಿಂದ ಮತ್ತೆ ನುಡಿಸಿ ಸೇರಿಸಿದ. ನಾವು ಅರ್ಧ ಬರೆದ ಕೋಡನ್ನ ಯಾರೋ ತಿದ್ದಿ, ನಮ್ಮ ಯುಎಸ್‌ಎನ್ ಹಾಕಿ ಸಬ್‌ಮಿಟ್ ಮಾಡಿದ ಹಾಗೆ. 1995ರಲ್ಲಿ ಜಿಮಿ ಅಪ್ಪ ಕಾನೂನು ಹೋರಾಟ ಮಾಡಿ ಹಕ್ಕುಗಳನ್ನ ವಾಪಸ್ ಪಡೆದರು. 1997ರಲ್ಲಿ, ಆ ನಾಲ್ಕನೇ ಆಲ್ಬಮ್ ಹೀಗಿರಬಹುದಿತ್ತು ಅನ್ನೋ ಅಂದಾಜಿನಲ್ಲಿ 'ಫಸ್ಟ್ ರೇಸ್ ಆಫ್ ದಿ ನ್ಯೂ ರೈಸಿಂಗ್ ಸನ್' ಬಂತು.

ಹಾಗಾದ್ರೆ ಮೂರರ ನಂತರ ಏನು ಕೇಳೋದು? ನನ್ನ ಲೆಕ್ಕ ಇದು: ಮೊದಲು 'ಬ್ಯಾಂಡ್ ಆಫ್ ಜಿಪ್ಸೀಸ್', ಯಾಕಂದ್ರೆ ಅದು ಜಿಮಿ ಬದುಕಿದ್ದಾಗಲೇ ಹೊರಬಂದದ್ದು. ಎರಡನೇದು 'ಫಸ್ಟ್ ರೇಸ್'. ಮೂರನೇದು 1994ರ 'ಬ್ಲೂಸ್', ಅವನ ಬೇರು ಎಲ್ಲಿತ್ತು ಅಂತ ಗೊತ್ತಾಗೋಕೆ. ತಮಾಷೆ ಅಂದ್ರೆ ಇದನ್ನ ಜೋಡಿಸಿದ್ದೂ ಅದೇ ಡಗ್ಲಸ್, ಈ ಸಲ ಚೆನ್ನಾಗೇ ಮಾಡಿದ್ದಾನೆ. 'ಕ್ರ್ಯಾಶ್ ಲ್ಯಾಂಡಿಂಗ್' ಕೊನೆಗಿರಲಿ.

'ಫಸ್ಟ್ ರೇಸ್' ಕೇಳುವಾಗ ಒಂದು ನೆನಪಿರಲಿ. ಒಂದೇ ಹಾಡನ್ನ ಇಪ್ಪತ್ತು ಸಲ ನುಡಿಸಿದರೂ ಒಪ್ಪದಿದ್ದ ಮನುಷ್ಯ ಇದಕ್ಕೆ ಇನ್ನೂ ಓಕೆ ಅಂದಿರಲಿಲ್ಲ.